ಮೂವತ್ತೊಂದು ರೆಸಿಸ್ಟರ್‌ಗಳ ಬೋರ್ಡನ್ನು ಚಿಕ್ಕದು ಮಾಡಿದ ಬಗೆ

ದಾವಣಗೆರೆಯ ಲೋಕಿಕೆರೆ ರಸ್ತೆಯಲ್ಲಿರುವ ನನ್ನ ಸಣ್ಣ ಕಾರ್ಯಾಗಾರದಲ್ಲಿ ಕೊಳವೆಬಾವಿ ಮೋಟಾರುಗಳ ಸ್ಟಾರ್ಟರಿಗೆ ಬೇಕಾದ ನಿಯಂತ್ರಣ ಬೋರ್ಡುಗಳನ್ನು ತಯಾರಿಸುತ್ತೇನೆ. ಮೂರು ಫೇಸುಗಳಲ್ಲಿ ಒಂದು ಹೋದರೂ, ಬಾವಿಯಲ್ಲಿ ನೀರು ಬತ್ತಿದರೂ ಮೋಟಾರು ಸುಡುವ ಮೊದಲೇ ಅದನ್ನು ನಿಲ್ಲಿಸುವುದು ಈ ಬೋರ್ಡಿನ ಕೆಲಸ. ಚನ್ನಗಿರಿ ಕಡೆಯ ಅಡಿಕೆ ತೋಟದವರು ಹೊಸ ಪೆಟ್ಟಿಗೆ ಬೇಡ, ಇರುವ ಸ್ಟಾರ್ಟರ್ ಪೆಟ್ಟಿಗೆಯೊಳಗೇ ಕೂರಿಸಿಕೊಡಿ ಎಂದು ಕೇಳತೊಡಗಿದಾಗ, ಮೋಟಾರಿಗೆ ಕರೆಂಟು ಕೊಟ್ಟು ಕಡಿಯುವ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರಿನ ಪಕ್ಕದಲ್ಲಿ ಉಳಿಯುತ್ತಿದ್ದ ಜಾಗಕ್ಕಿಂತ ನನ್ನ ಬೋರ್ಡು ಎರಡು ಬೆರಳಗಲ ದೊಡ್ಡದಾಗಿತ್ತು.

ಮೊದಲು, ಕರೆಂಟಿನ ಹರಿವನ್ನು ತಗ್ಗಿಸುವ ಬಿಡಿಭಾಗಗಳಾದ ರೆಸಿಸ್ಟರ್‌ಗಳನ್ನು ಮಲಗಿಸುವ ಬದಲು ನಿಲ್ಲಿಸಿ ನೋಡಿದೆ. ಜಾಗವೇನೋ ಉಳಿಯಿತು, ಆದರೆ ಕಾಂಟ್ಯಾಕ್ಟರ್ ಬಡಿದಾಗಲೆಲ್ಲ ಪೆಟ್ಟಿಗೆ ಅದುರುವುದರಿಂದ ಉದ್ದನೆಯ ಬರಿಯ ಕಾಲುಗಳು ಒಂದಕ್ಕೊಂದು ತಾಗಬಹುದೆಂಬ ಭಯ ಕಾಡಿ ಅದನ್ನು ಕೈಬಿಟ್ಟೆ. ಆಮೇಲೆ, ಹಲವು ರೆಸಿಸ್ಟರ್‌ಗಳು ಒಂದೇ ಭಾಗದೊಳಗೆ ಸೇರಿರುವ ‘ನೆಟ್‌ವರ್ಕ್’ ಬಳಸೋಣವೆಂದು, ಬೋರ್ಡಿನಲ್ಲಿದ್ದ ಮೂವತ್ತೊಂದು ರೆಸಿಸ್ಟರ್‌ಗಳನ್ನು ಅವು ಮಾಡುವ ಕೆಲಸದ ಪ್ರಕಾರ ವಿಂಗಡಿಸಿದೆ: ಗುಂಡಿ ಮತ್ತು ಸೆಟ್ಟಿಂಗ್ ಸ್ವಿಚ್ಚುಗಳಿಗೆ 10 ಕಿಲೋಓಮಿನ, ಗುಂಡಿ ಒತ್ತದಿದ್ದಾಗ ಪಿನ್ನನ್ನು 5 ವೋಲ್ಟಿನಲ್ಲಿ ಹಿಡಿದಿಡುವ ಎಂಟು ಪುಲ್‌ಅಪ್‌ಗಳು, ಡಿಸ್‌ಪ್ಲೇಯ ಸೆಗ್ಮೆಂಟುಗಳಿಗೆ (ಅಂಕಿ ಮೂಡಿಸುವ ಬೆಳಕಿನ ಗೆರೆಗಳಿಗೆ) 330 ಓಮಿನ ಎಂಟು, ಅಂಕಿಗಳನ್ನು ಸರದಿಯಂತೆ ಬೆಳಗಿಸುವ ಟ್ರಾನ್ಸಿಸ್ಟರುಗಳ ಬೇಸ್ ಪಿನ್ನಿಗೆ 1 ಕಿಲೋಓಮಿನ ನಾಲ್ಕು, ಫೇಸುಗಳನ್ನು ಗಮನಿಸಲು ಒಂಬತ್ತು, ಬಿಡಿಯಾಗಿ ಎರಡು. ಒಂದೇ ಓಮಿನವು ಎಷ್ಟಿವೆ ಎಂಬುದಕ್ಕಿಂತ, ಅವುಗಳ ಒಂದು ತುದಿ ಒಂದೇ ಕಡೆ ಸೇರುತ್ತದೆಯೇ ಎಂಬ ಪ್ರಶ್ನೆಯೇ ಇಲ್ಲಿ ಮುಖ್ಯ.

ಪುಲ್‌ಅಪ್‌ಗಳ ಒಂದು ತುದಿಯೆಲ್ಲ 5 ವೋಲ್ಟಿಗೆ ಹೋಗುವುದರಿಂದ ಅಲ್ಲಿಗೆ ಒಂಬತ್ತು ಪಿನ್ನಿನ, ಒಂದು ಪಿನ್ನು ಎಲ್ಲಕ್ಕೂ ಸಾಮಾನ್ಯವಾಗಿರುವ ನೆಟ್‌ವರ್ಕ್ ಸಾಕು. ನಾನು ಬಳಸುವ ಎಟಿ89ಎಸ್52 ಮೈಕ್ರೋಕಂಟ್ರೋಲರಿನ (ಬೋರ್ಡನ್ನು ನಡೆಸುವ ಚಿಪ್ಪು) ಪೋರ್ಟ್ 0 ಎಂಬ ಎಂಟು ಪಿನ್ನುಗಳ ಗುಂಪಿಗೆ ಒಳಗೆ ಪುಲ್‌ಅಪ್ ಇಲ್ಲ, ಹೊರಗಿನಿಂದ ಕೊಡಲೇಬೇಕು. ಅದರ 40ನೇ ಪಿನ್ನು 5 ವೋಲ್ಟ್. 39ರಿಂದ 32ರವರೆಗೆ ಪೋರ್ಟ್ 0ದ ಎಂಟು ಪಿನ್ನುಗಳು ಸಾಲಾಗಿ ಬರುತ್ತವೆ. ಚಿಪ್ಪಿನ ಪಿನ್ನುಗಳ ಅಂತರವೂ ನೆಟ್‌ವರ್ಕಿನ ಪಿನ್ನುಗಳ ಅಂತರವೂ 2.54 ಮಿಲಿಮೀಟರ್. ಹಾಗಾಗಿ ನೆಟ್‌ವರ್ಕನ್ನು ಚಿಪ್ಪಿನ ಪಕ್ಕಕ್ಕೆ ಒತ್ತಿ ನಿಲ್ಲಿಸಿದರೆ ಒಂಬತ್ತು ಟ್ರ್ಯಾಕುಗಳೂ (ಬೋರ್ಡಿನ ಮೇಲಿನ ತಾಮ್ರದ ಗೆರೆಗಳು) ಒಂದನ್ನೊಂದು ದಾಟದೆ ನೇರವಾಗಿ ಕೂಡಿಕೊಳ್ಳುತ್ತವೆ. ಅದನ್ನು ಪರದೆಯ ಮೇಲೆ ಕಂಡ ದಿನ ನನಗಾದ ಸಂತೋಷ ಇಂದಿಗೂ ನೆನಪಿದೆ. ಕಾಲು ವ್ಯಾಟಿನ ಎಂಟು ರೆಸಿಸ್ಟರ್‌ಗಳು ಮಲಗಿದಾಗ ಸುಮಾರು 240 ಚದರ ಮಿಲಿಮೀಟರ್ ಹಿಡಿಯುತ್ತಿದ್ದವು. ನೆಟ್‌ವರ್ಕಿಗೆ ಅರವತ್ತೂ ಬೇಕಾಗಲಿಲ್ಲ.

ಸೆಗ್ಮೆಂಟುಗಳಲ್ಲಿ ಹಾಗಲ್ಲ. ಅಲ್ಲಿ ಪ್ರತಿ ರೆಸಿಸ್ಟರಿನ ಎರಡೂ ತುದಿಗಳು ಬೇರೆ ಬೇರೆ ಕಡೆ ಹೋಗುವುದರಿಂದ, ಎಂಟೂ ಬಿಡಿಬಿಡಿಯಾಗಿರುವ ಹದಿನಾರು ಪಿನ್ನಿನ ನೆಟ್‌ವರ್ಕನ್ನು ಹಾಕಿ, ಯುಎಲ್‌ಎನ್2803 ಎಂಬ, ಸೆಗ್ಮೆಂಟುಗಳನ್ನು ಬೆಳಗಿಸುವ ಚಿಪ್ಪಿನ ಎಂಟು ಔಟ್‌ಪುಟ್ ಪಿನ್ನುಗಳಿಗೆ ಎದುರಾಗಿ ಕೂರಿಸಿದೆ. ಇದರಿಂದ ಉಳಿದ ಜಾಗ ಹೆಚ್ಚಲ್ಲ. ಟ್ರ್ಯಾಕುಗಳು ಸರಳವಾದದ್ದು, ಜೋಡಣೆಯ ಸಮಯ ಉಳಿದದ್ದು ನಿಜವಾದ ಲಾಭ. ಬೇಸಿನ ನಾಲ್ಕಕ್ಕೆ ಎಂಟು ಪಿನ್ನಿನ ಬಿಡಿ ನೆಟ್‌ವರ್ಕ್ ಒಂದು ಸಾಕಾಯಿತು. ಹೀಗೆ ಇಪ್ಪತ್ತು ರೆಸಿಸ್ಟರ್‌ಗಳ ಜಾಗಕ್ಕೆ ಮೂರು ಭಾಗಗಳು ಬಂದವು.

ತಪ್ಪು ನಡೆದದ್ದು ಮೊದಲ ಸಲ ಮಾಡಿದ ಬೋರ್ಡುಗಳಲ್ಲಿ. ಒಂಬತ್ತು ಪಿನ್ನಿನ ನೆಟ್‌ವರ್ಕನ್ನು ತಿರುಗಿಸಿ ಹಾಕಿದರೂ ರಂಧ್ರಗಳಿಗೆ ಸರಿಯಾಗಿಯೇ ಕೂರುತ್ತದೆ. ನಾನೇ ಒಂದು ಬೋರ್ಡಿನಲ್ಲಿ ಹಾಗೆ ಬೆಸುಗೆ ಹಾಕಿದ್ದೆ. ಮೇಜಿನ ಮೇಲೆ ಪರೀಕ್ಷಿಸುವಾಗ ಒಂದೊಂದೇ ಗುಂಡಿ ಒತ್ತಿದೆ, ಎಲ್ಲವೂ ಸರಿಯಾಗಿತ್ತು. ತೋಟದಲ್ಲಿ ಪಿ0.7ಕ್ಕೆ (ಪೋರ್ಟ್ 0ದ ಕೊನೆಯ ಪಿನ್ನು, 32ನೆಯದು) ಜೋಡಿಸಿದ್ದ ಸೆಟ್ಟಿಂಗ್ ಸ್ವಿಚ್ಚನ್ನು ಹಾಕಿದ ಕೂಡಲೇ ಎಂಟೂ ಒಟ್ಟಿಗೆ ಒತ್ತಿದಂತಾಗಿ ಮೋಟಾರು ಹೊರಡಲೇ ಇಲ್ಲ. ಕಾರಣ ಇಷ್ಟೇ: ಸಾಮಾನ್ಯ ಪಿನ್ನು 5 ವೋಲ್ಟಿಗೆ ಹೋಗುವ ಬದಲು ಪಿ0.7ಕ್ಕೆ ಹೋಗಿತ್ತು, ಆ ಸ್ವಿಚ್ಚು ನೆಲಕ್ಕೆ (ಸರ್ಕ್ಯೂಟಿನ 0 ವೋಲ್ಟಿಗೆ) ಮುಟ್ಟಿದೊಡನೆ ಉಳಿದ ಏಳು ಇನ್‌ಪುಟ್‌ಗಳನ್ನೂ ನೆಲಕ್ಕೆ ಎಳೆಯಿತು. ಬೇರೆ ಒಂದೇ ಗುಂಡಿ ಒತ್ತಿದಾಗ ಸಾಮಾನ್ಯ ಪಿನ್ನು 2.5 ವೋಲ್ಟಿನಲ್ಲಿ ನಿಲ್ಲುತ್ತಿತ್ತು. ಚಿಪ್ಪು ಅದನ್ನು ‘ಮೇಲೆ’ ಎಂದೇ ಓದುವುದರಿಂದ ದೋಷ ಮೇಜಿನ ಮೇಲೆ ಕಾಣಿಸಿರಲಿಲ್ಲ. ಅಂದಿನಿಂದ ಮೊದಲ ಪಿನ್ನಿಗೆ ಚೌಕ ಪ್ಯಾಡ್ ಇಟ್ಟು, ಬೋರ್ಡಿನ ಮೇಲೆ ಚುಕ್ಕೆ ಅಚ್ಚು ಹಾಕಿಸುತ್ತೇನೆ. ನೆಟ್‌ವರ್ಕಿನ ಮೇಲಿನ ಚುಕ್ಕೆ ಮಾಸಿದ್ದರೆ ಬೆಸುಗೆಗೆ ಮೊದಲು ಮಲ್ಟಿಮೀಟರಿನಲ್ಲಿ ಅಳೆಯುತ್ತೇನೆ: ಸಾಮಾನ್ಯ ಪಿನ್ನಿನಿಂದ ಯಾವುದಕ್ಕೆ ಹಿಡಿದರೂ 10 ಕಿಲೋಓಮ್, ಉಳಿದ ಯಾವ ಎರಡರ ನಡುವೆ ಹಿಡಿದರೂ 20.

ಫೇಸುಗಳ ಕಡೆಯ ಒಂಬತ್ತನ್ನು ಮಾತ್ರ ಮುಟ್ಟಲಿಲ್ಲ. ಅಲ್ಲಿಗೆ ಬರುವುದು 415 ವೋಲ್ಟಿನ ಲೈನು. ನಾನು ಬಳಸುವ ನೆಟ್‌ವರ್ಕ್ ತಡೆಯುವುದು 100 ವೋಲ್ಟ್, ಅದರ ಪಿನ್ನುಗಳ ನಡುವಿನ ಅಂತರವೂ ಕಿರಿದು. ಆದ್ದರಿಂದ ಪ್ರತಿ ಫೇಸಿಗೆ ಅರ್ಧ ವ್ಯಾಟಿನ ಮೂರು ರೆಸಿಸ್ಟರ್‌ಗಳು ಸಾಲಾಗಿ, ನಡುವೆ ಧಾರಾಳ ಜಾಗ ಬಿಟ್ಟು ಹಾಗೆಯೇ ಇವೆ.

ರಿಪೇರಿಯ ಒಂದು ತೊಡಕು ಉಳಿಯಿತು. ಒಂದು ರೆಸಿಸ್ಟರ್ ಕೆಟ್ಟರೂ ಇಡೀ ನೆಟ್‌ವರ್ಕನ್ನೇ ತೆಗೆಯಬೇಕು, ಹಳ್ಳಿಯ ಮೆಕ್ಯಾನಿಕ್ ಹತ್ತಿರ ಅದು ಸಿಗುವುದಿಲ್ಲ. ನಾನೇ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿಕೊಳ್ಳುತ್ತೇನೆ. ಹಾಗಾಗಿ ಪ್ರತಿ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಮೂರೂ ಬಗೆಯ ಒಂದೊಂದು ನೆಟ್‌ವರ್ಕನ್ನು, ಮೊದಲ ಪಿನ್ನಿಗೆ ಕೆಂಪು ಬಣ್ಣ ಹಚ್ಚಿ, ಅಂಟಿಸಿ ಕೊಡುತ್ತಿದ್ದೇನೆ.