ಗಾಂಧಿ ಬಜಾರಿನ ನಮ್ಮ ಅಂಗಡಿಗೆ ಮತ್ತೆ ಗಾರೆ ಮಾಡಿಸಿದ್ದು

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಮ್ಮದು ಅಜ್ಜನ ಕಾಲದ ಗ್ರಂಥಿಗೆ ಅಂಗಡಿ, ಅಂದರೆ ಗಿಡಮೂಲಿಕೆ ಸಾಮಾನಿನದು. ಕೆಳಗೆ ಅಂಗಡಿ, ಮೇಲೆ ಮಹಡಿ, ಅದರ ಮೇಲೆ ಮಂಗಳೂರು ಹಂಚಿನ ಮಾಡು. ಅಪ್ಪ ಹೋದ ಮೇಲೆ ಎಲ್ಲರೂ ಹೇಳಿದ್ದು ಒಂದೇ ಮಾತು, ಕೆಡವಿ ಆರ್‌ಸಿಸಿ ಎಬ್ಬಿಸು ಅಂತ. 2016ರಲ್ಲಿ ಊರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲಂತೂ ಅದು ಇನ್ನೂ ಜಾಸ್ತಿಯಾಯಿತು. ನಾನೂ ಪ್ಲಾನ್ ಹಾಕಿಸಿದೆ. ಖರ್ಚಿನ ಲೆಕ್ಕ ಕೇಳಿ ಸುಮ್ಮನಾದೆ, ಹಳೇ ಕಟ್ಟಡದ ಮೇಲೆ ಪ್ರೀತಿ ಗೀತಿ ಏನೂ ಇರಲಿಲ್ಲ.

ಆದರೆ ಮಳೆಗಾಲ ಬಂದರೆ ಗೋಡೆ ಬೆವರುತ್ತಿತ್ತು. ಹಿಪ್ಪಲಿ, ಒಣಶುಂಠಿಗೆಲ್ಲ ಬೂಸ್ಟು. ಸಾಗರದ ಕಡೆಯ ವಯಸ್ಸಾದ ಗಾರೆ ಮೇಸ್ತ್ರಿಯೊಬ್ಬರು ಬಂದು ಬೆರಳ ಗಂಟಿನಿಂದ ಗೋಡೆ ತಟ್ಟಿದರು. ಟೊಳ್ಳು ಸದ್ದು. "ಗೋಡೆಗೇನೂ ಆಗಿಲ್ಲ ಮಾರಾಯ್ರೆ, ಮೇಲೆ ಸಿಮೆಂಟ್ ಬಳಿದು ಉಸಿರು ಕಟ್ಟಿಸಿದ್ದೀರಿ" ಅಂದರು. ಒಳಗಿದ್ದದ್ದು ಮಣ್ಣಿನಲ್ಲಿ ಕಟ್ಟಿದ ಇಟ್ಟಿಗೆ. ಅದು ಮಳೆಯಲ್ಲಿ ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ, ಮೇಲೆ ಸಿಮೆಂಟ್ ಇದ್ದರೆ ಕುಡಿದದ್ದು ಅಲ್ಲೇ ಉಳಿಯುತ್ತದೆ.

ಸಿಮೆಂಟ್ ಕೆತ್ತಿಸಿದೆವು. ಹಿತ್ತಿಲಲ್ಲಿ ಗುಂಡಿ ತೆಗೆದು ಸುಣ್ಣ ಅರಳಿಸಿ, ಬೆಣ್ಣೆ ಹಾಗಾಗುವವರೆಗೆ ಮೂರು ವಾರ ನೀರಲ್ಲೇ ಬಿಟ್ಟೆವು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಕಲಸುವುದಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೇಕು ಅಂದರು ಮೇಸ್ತ್ರಿ. ಎರಡೂ ನಮ್ಮ ಅಂಗಡಿಯ ಮಾಲೇ, ನೋಡಿ!

ಒಳಗಿನ ಕೆಲಸ ಚೆನ್ನಾಗೇ ಆಯಿತು. ಹೊರಗಿನದು ದೀಪಾವಳಿ ಕಳೆಯಲಿ ಅಂತ ಮೇಸ್ತ್ರಿ ಹೇಳಿದ್ದರು, ನನಗೆ ಅವಸರ. ಮೇ ಕೊನೆಯಲ್ಲಿ ಹಟ ಹಿಡಿದು ಮಾಡಿಸಿದೆ. ಸುಣ್ಣ ಗಾಳಿ ಕುಡಿದು ನಿಧಾನಕ್ಕೆ ಗಟ್ಟಿಯಾಗಬೇಕು, ಆರಿದ್ರಾ ಮಳೆ ಅಷ್ಟು ದಿನ ಕಾಯುತ್ತದಾ? ಒಂದು ಬೆಳಿಗ್ಗೆ ಶಟರ್ ಎತ್ತಲು ಹೋದರೆ ಮೆಟ್ಟಿಲ ಮೇಲೆಲ್ಲ ಬಿಳಿ ರಾಡಿ. ಮೇಸ್ತ್ರಿ ಬಂದರು, ನೋಡಿದರು, ಒಂದು ಮಾತೂ ಬೈಯಲಿಲ್ಲ, ಅದೇ ಜಾಸ್ತಿ ಚುಚ್ಚಿತು. ದೀಪಾವಳಿ ಕಳೆದ ಮೇಲೆ ಮತ್ತೆ ಮಾಡಿಸಿದೆ, ದುಡ್ಡು ಎರಡು ಸಲ.

ಆಮೇಲೆ ಮುಂದಿನ ಫ್ಲೆಕ್ಸ್ ಕಿತ್ತೆ. ಅದರ ಹಿಂದೆ ಮರದ ಕೆತ್ತನೆಯ ಕಟಾಂಜನ, ಅಂದರೆ ಕಟಕಟೆ, ಹಾಗೇ ಇತ್ತು! ಜಗಲಿ ಮೇಲಿದ್ದ ಗಾಜಿನ ಕೌಂಟರನ್ನೂ ಒಳಗೆ ತಳ್ಳಿದೆ. ಅಷ್ಟು ಜಾಗ ಯಾಕೆ ಹಾಳು ಮಾಡುತ್ತೀರಿ ಅಂತ ಹೆಂಡತಿ ಕೇಳಿದಳು, ಅವಳು ಹೇಳಿದ್ದೂ ಸರಿಯೇ, ಮೊದಮೊದಲು ವ್ಯಾಪಾರವೇನೂ ಏರಲಿಲ್ಲ. ಆದರೆ ಪಕ್ಕದ ಅಂಗಡಿಗೆ ಸೀರೆಗೆ ಬಂದವರ ಮನೆಯ ಹಿರಿಯರು ನಮ್ಮ ಜಗಲಿ ಮೇಲೆ ಕೂರತೊಡಗಿದರು. ಕೂತವರು ಸುಮ್ನೆ ಇರುತ್ತಾರಾ, ಅಳಲೆಕಾಯಿ ಇದೆಯಾ, ಬಜೆ ಇದೆಯಾ ಅಂತ ಕೇಳುತ್ತಾರೆ. ಮೂಟೆ ತುಂಬಿದ್ದ ಮಹಡಿಯಲ್ಲಿ ಈಗ ಟೈಲರ್ ಸಂಸಾರವಿದೆ, ಅಂಗಡಿ ಮುಚ್ಚಿದ ಮೇಲೂ ಮೇಲೆ ಒಂದು ದೀಪ ಇರುತ್ತದೆ.

ಪಾರ್ಕಿಂಗ್ ಜಗಳ ಇದ್ದೇ ಇದೆ, ಜಗಲಿಗೆ ಒರಗಿಸಿ ಬೈಕ್ ನಿಲ್ಲಿಸುವವರಿಗೆ ಹೇಳಿ ಸಾಕಾಗಿದೆ. ಮೊನ್ನೆ ಎದುರು ಸಾಲಿನ ಪಾತ್ರೆ ಅಂಗಡಿಯವರು ಬಂದು, "ಆ ಮೇಸ್ತ್ರಿ ನಂಬರ್ ಕೊಡಿ, ಹಾಗೇ ಅಳಲೆಕಾಯಿ ಐದು ಕೆಜಿ ಕಟ್ಟಿ" ಅಂದರು. ಕಟ್ಟಿಕೊಟ್ಟೆ, ದೀಪಾವಳಿ ಆಗುವವರೆಗೆ ನೆನೆಸಬೇಡಿ ಅಂತಲೂ ಹೇಳಿದೆ.