ಲಾಡ್ಜಿನ ಶವರ್‌ಗಳಲ್ಲಿ ನಾವು ನೀರು ಉಳಿಸಿದ್ದು ಹೀಗೆ

ಲಾಡ್ಜ್ ನಡೆಸುವವರಿಗೆಲ್ಲ ಒಂದೇ ಭಯ. ಶವರ್‌ನಲ್ಲಿ ನೀರು ಕಮ್ಮಿ ಮಾಡಿದರೆ ಗೆಸ್ಟ್ ಬೈಕೊಂಡು ಹೋಗುತ್ತಾರೆ, ರಿವ್ಯೂನಲ್ಲಿ ಒಂದೇ ಸ್ಟಾರ್ ಒತ್ತುತ್ತಾರೆ. ನಾನು ಬೆಂಗಳೂರಿನಲ್ಲಿ ಒಂದು ಹಳೇ ಲಾಡ್ಜ್ ನೋಡಿಕೊಳ್ಳುತ್ತೇನೆ. ನೆಲಮಹಡಿ ಸೇರಿ ನಾಲ್ಕು ಅಂತಸ್ತು. ಮೆಡಿಕಲ್ ರೆಪ್‌ಗಳು, ಇಂಟರ್‌ವ್ಯೂಗೆ ಬಂದ ಹುಡುಗರು, ಆಸ್ಪತ್ರೆಗೆ ಬಂದವರ ಜೊತೆಯವರು, ಸೀಸನ್‌ನಲ್ಲಿ ಮದುವೆ ಪಾರ್ಟಿಗಳು, ಇವರೇ ನಮ್ಮ ಗಿರಾಕಿಗಳು. ಇವರ್‍ಯಾರೂ ನಿಮಿಷಕ್ಕೆ ಎಷ್ಟು ಲೀಟರ್ ಬಂತು ಅಂತ ಅಳೆಯುವುದಿಲ್ಲ. ನೀರು ಮೈಮೇಲೆ ರಭಸವಾಗಿ ಬೀಳಬೇಕು, ಬಿಸಿನೀರಿಗೆ ಕಾಯಬಾರದು, ಬಂದ ಬಿಸಿ ಮಧ್ಯದಲ್ಲಿ ಕೈಕೊಡಬಾರದು, ಅಷ್ಟೇ. ಇದನ್ನು ಸರಿ ಮಾಡಿಕೊಂಡರೆ ಲೀಟರ್ ಇಳಿಸಿದ್ದು ಯಾರಿಗೂ ಗೊತ್ತೇ ಆಗುವುದಿಲ್ಲ.

ನಾವು ಇದಕ್ಕೆ ಕೈ ಹಾಕಿದ್ದು 2024ರ ಬೇಸಿಗೆಯಲ್ಲಿ. ಆ ವರ್ಷ ನಗರದ ಸುಮಾರು 14 ಸಾವಿರ ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳಿತ್ತು. ನಮ್ಮ ಬೋರ್ ಕೂಡ ಗಾಳಿ ಉಗುಳುತ್ತಿತ್ತು. 12,000 ಲೀಟರ್ ಟ್ಯಾಂಕರ್‌ಗೆ 5 ಕಿಲೋಮೀಟರ್ ಒಳಗಾದರೆ 1,000 ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಿತು. ಆ ದರಕ್ಕೆ ನಮಗೆ ಟ್ಯಾಂಕರ್ ಸಿಕ್ಕಿತಾ ಅಂತ ಮಾತ್ರ ಕೇಳಬೇಡಿ. ಮಾರ್ಚ್‌ನಲ್ಲಿ ಜಲಮಂಡಳಿ ಹೋಟೆಲ್, ಅಪಾರ್ಟ್‌ಮೆಂಟ್, ಕಚೇರಿಗಳ ನಲ್ಲಿಗಳಿಗೆ ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸಿ ಹರಿವು ಕಮ್ಮಿ ಮಾಡುವ ಬಿರಡೆ, ಹಾಕಲೇಬೇಕು ಅಂತ ಆದೇಶ ಮಾಡಿತು. ಅಂಗಡಿಗಳಲ್ಲಿ ಏರೇಟರ್‌ಗೆ ನೂಕುನುಗ್ಗಲು.

ನಮ್ಮ ಪ್ಲಂಬರ್ ಒಂದು ಡಬ್ಬಿ ಏರೇಟರ್ ತಂದು, "ಎಲ್ಲಾ ರೂಮ್‌ಗೂ ಇದೇ ತಿರುಗಿಸಿಬಿಡ್ತೀನಿ ಸಾರ್, ಶವರ್‌ಗೂ ಇದರದೇ ಒಂದು ಐಟಂ ಬರುತ್ತೆ" ಅಂದ. ವಾಷ್‌ಬೇಸಿನ್‌ಗೆ ಸರಿ, ಹಾಕಪ್ಪ ಅಂದೆ. ಕೈ ತೊಳೆಯೋಕೆ ನೀರಿನ ಜೊತೆ ಗಾಳಿ ಬೆರೆತು ಬಂದರೆ ಯಾರಿಗೂ ತೊಂದರೆ ಇಲ್ಲ. ಶವರ್ ಕಥೆ ಬೇರೆ. ಗಾಳಿ ಬೆರೆತ ಸಣ್ಣ ಹನಿ ತಲೆಯಿಂದ ಕಾಲಿಗೆ ಇಳಿಯುವಷ್ಟರಲ್ಲಿ ಬಿಸಿ ಕಳೆದುಕೊಂಡಿರುತ್ತದೆ. ಡಿಸೆಂಬರ್ ಬೆಳಿಗ್ಗೆ ಅದರ ಕೆಳಗೆ ನಿಂತರೆ ಭುಜಕ್ಕೆ ಬಿಸಿ, ಮೊಣಕಾಲಿಗೆ ಚಳಿ. ಆಗ ಗೆಸ್ಟ್ ಏನು ಮಾಡುತ್ತಾರೆ? ಬಿಸಿನೀರಿನ ನಲ್ಲಿ ಇನ್ನಷ್ಟು ತಿರುಗಿಸುತ್ತಾರೆ, ಇನ್ನೂ ಐದು ನಿಮಿಷ ಜಾಸ್ತಿ ನಿಲ್ಲುತ್ತಾರೆ. ಉಳಿಸಿದ್ದು ಅಲ್ಲೇ ಹೋಯಿತು.

ಅದಕ್ಕೇ ಏನನ್ನೂ ಕೊಳ್ಳುವ ಮುಂಚೆ ಅಳತೆ ಮಾಡೋಣ ಅಂದೆ. ಇದಕ್ಕೆ ದೊಡ್ಡ ಸಾಮಾನೇನೂ ಬೇಡ. 20 ಲೀಟರ್ ಬಕೆಟ್, ಮೊಬೈಲ್‌ನ ಸ್ಟಾಪ್‌ವಾಚ್ ಸಾಕು. ಶವರ್ ಪೂರ್ತಿ ತಿರುಗಿಸಿ ಬಕೆಟ್ ತುಂಬೋಕೆ ಎಷ್ಟು ಹೊತ್ತು ಬೇಕು ನೋಡುವುದು. ನೆಲಮಹಡಿಯಲ್ಲಿ ಒಂದೂಕಾಲು ನಿಮಿಷ ಚಿಲ್ಲರೆಗೆ ತುಂಬಿತು, ಅಂದರೆ ನಿಮಿಷಕ್ಕೆ ಸುಮಾರು 15 ಲೀಟರ್. ಮೇಲಿನ ಮಹಡಿಯಲ್ಲಿ ಮೂರು ನಿಮಿಷ ದಾಟಿತು, ಅಲ್ಲಿ ಬರುತ್ತಿದ್ದದ್ದು 6 ಲೀಟರ್. ಒಂದೇ ಕಂಪನಿಯ ಒಂದೇ ಮಾದರಿಯ ಶವರ್! ಕಾರಣ ಸುಲಭ. ಟ್ಯಾಂಕ್ ಇರುವುದು ತಾರಸಿ ಮೇಲೆ. ನೀರು 10 ಮೀಟರ್ ಇಳಿದರೆ ಸುಮಾರು 1 ಬಾರ್ ಪ್ರೆಷರ್ ಸಿಗುತ್ತದೆ. ನೆಲಮಹಡಿಯ ಶವರ್ ಟ್ಯಾಂಕಿನ ನೀರಿಗಿಂತ 12 ಮೀಟರ್ ಕೆಳಗಿದೆ, ಮೇಲಿನ ಮಹಡಿಯದು ಬರೀ 2 ಮೀಟರ್.

ಈ ಲೆಕ್ಕ ಸಿಕ್ಕ ಮೇಲೆ ರಿಸೆಪ್ಷನ್‌ಗೆ ಬರುತ್ತಿದ್ದ ಕಂಪ್ಲೇಂಟ್‌ಗಳೂ ಅರ್ಥವಾದವು. "ನೀರು ಸಣ್ಣಗೆ ಬರ್ತಿದೆ" ಅನ್ನುವ ಫೋನ್ ಹೆಚ್ಚೂಕಮ್ಮಿ ಎಲ್ಲ ಮೇಲಿನಿಂದಲೇ. ನೀರು ಪೋಲಾಗುತ್ತಿದ್ದದ್ದು ಕೆಳಗೆ. ಅಲ್ಲಿ ಎಂಟು ನಿಮಿಷ ಶವರ್ ಕೆಳಗೆ ನಿಂತವರು 120 ಲೀಟರ್ ಹರಿಸಿರುತ್ತಾರೆ. ಹೋಟೆಲ್‌ಗೆ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ಅಂತ ಲೆಕ್ಕ ಹಿಡಿಯುವುದು ನಮ್ಮ ದೇಶದ ಕಟ್ಟಡ ನಿಯಮದ ರೂಢಿ. ಅದರಲ್ಲಿ ಮೂರನೇ ಎರಡು ಪಾಲು ಒಂದೇ ಸ್ನಾನಕ್ಕೆ ಹೋದರೆ ಫ್ಲಷ್, ಬಟ್ಟೆ, ಅಡುಗೆಮನೆ, ನೆಲ ಒರೆಸೋದು ಎಲ್ಲಕ್ಕೂ ಎಲ್ಲಿಂದ ತರೋದು?

ಹಾಗಾಗಿ ಎಲ್ಲಾ ರೂಮಿಗೂ ಒಂದೇ ಮದ್ದು ಅನ್ನೋದನ್ನು ಬಿಟ್ಟೆವು. ಕೆಳಗಿನ ಮಹಡಿಗಳ ಶವರ್ ಕುತ್ತಿಗೆಯಲ್ಲಿ ಫ್ಲೋ ರೆಗ್ಯುಲೇಟರ್ ಕೂರಿಸಿದೆವು. ಇದು ನಾಣ್ಯದಷ್ಟು ಸಣ್ಣ ಪ್ಲಾಸ್ಟಿಕ್ ಬಿಲ್ಲೆ. ಒಳಗೆ ರಬ್ಬರ್ ರಿಂಗ್ ಇರುತ್ತದೆ. ಪ್ರೆಷರ್ ಜಾಸ್ತಿಯಾದಷ್ಟೂ ರಿಂಗ್ ಅಮುಕಿಕೊಂಡು ದಾರಿ ಕಿರಿದಾಗುತ್ತದೆ, ನೀರು ಒಂದೇ ಮಟ್ಟದಲ್ಲಿ ಬರುತ್ತದೆ. ಸುಮ್ನೆ ತೂತು ಸಣ್ಣದು ಮಾಡಿದ ವಾಷರ್‌ಗಳೂ ಸಿಗುತ್ತವೆ, ಬೆಲೆಯೂ ಕಮ್ಮಿ. ಆದರೆ ಪಕ್ಕದ ರೂಮಿನಲ್ಲಿ ಯಾರಾದರೂ ನಲ್ಲಿ ತಿರುಗಿಸಿದ ಕೂಡಲೇ ಅದರಲ್ಲಿ ನೀರು ಏರುಪೇರಾಗುತ್ತದೆ. ಆ ದುಡ್ಡು ಉಳಿಸೋಕೆ ಹೋಗಬೇಡಿ. ನಾವು ತೂತುಗಳಿರುವ ಶವರ್ ಹೆಡ್ಡನ್ನೂ ಬದಲಾಯಿಸಿ, ಅಗಲ ಚಿಕ್ಕದು, ತೂತು ಕಮ್ಮಿ, ಹನಿ ದಪ್ಪ ಇರುವಂಥದ್ದು ಹಾಕಿದೆವು. ನಿಮಿಷಕ್ಕೆ ಏಳೂವರೆ ಲೀಟರ್‌ಗೆ ನಿಲ್ಲಿಸಿದೆವು. ಕಮ್ಮಿ ತೂತಿನಿಂದ ಬರುವ ನೀರಿಗೆ ವೇಗ ಇರುತ್ತದೆ, ಹಾಗಾಗಿ ಅರ್ಧಕ್ಕೆ ಇಳಿದರೂ ಮೈಮೇಲೆ ಬಿದ್ದಾಗ ಅರ್ಧ ಅನ್ನಿಸುವುದಿಲ್ಲ.

ಮೇಲಿನ ಮಹಡಿಗೆ ಉಲ್ಟಾ. ಅಲ್ಲಿಗೆ ಪ್ರೆಷರ್ ಪಂಪ್ ಹಾಕಿಸಿದೆವು. ನೀರು ಉಳಿಸೋಕೆ ಹೊರಟವರು ಪಂಪ್ ಯಾಕೆ ತಂದ್ರಿ ಅಂತ ನಮ್ಮ ಪಾರ್ಟ್‌ನರ್ ಕೇಳಿದ್ದೂ ಆಯಿತು. ಆರು ಲೀಟರ್ ಜೊಳಜೊಳ ಸುರಿಯೋದಕ್ಕೂ ಏಳೂವರೆ ಲೀಟರ್ ರಭಸವಾಗಿ ಬರೋದಕ್ಕೂ ಇರುವ ವ್ಯತ್ಯಾಸ ಒಂದು ಸಲ ಅದರ ಕೆಳಗೆ ನಿಂತವರಿಗೆ ಗೊತ್ತಾಗುತ್ತದೆ. ಜೊಳಜೊಳ ನೀರಿನಲ್ಲಿ ಸೋಪು ಹೋಗೋಕೆ ಎರಡರಷ್ಟು ಹೊತ್ತು ಬೇಕು. ಪಂಪ್ ಹಾಕುವಾಗ ಒಂದು ವಿಷಯ ನೋಡಿಕೊಳ್ಳಿ. ತಣ್ಣೀರಿನ ಲೈನ್‌ಗೆ ಮಾತ್ರ ಹಾಕಿದರೆ ಅದು ಬಿಸಿನೀರು ತಣ್ಣೀರು ಬೆರೆಸುವ ನಲ್ಲಿಯ, ಅಂದರೆ ಮಿಕ್ಸರ್‌ನ, ಒಳಗೇ ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ. ನಮ್ಮ ಸೋಲಾರ್ ಟ್ಯಾಂಕ್ ಹಳೇದು, ಪ್ರೆಷರ್ ತಡೆಯುವಂಥದ್ದಲ್ಲ. ಅದಕ್ಕೆ ಟ್ಯಾಂಕ್ ದಾಟಿದ ಮೇಲೆ ಬಿಸಿ ಲೈನ್‌ಗೊಂದು, ತಣ್ಣೀರಿಗೊಂದು, ಎರಡು ಚಿಕ್ಕ ಪಂಪ್. ಎರಡರ ಪ್ರೆಷರ್ ಒಂದೇ ಇದ್ದರೆ ಬಿಸಿ ಸ್ಥಿರವಾಗಿ ನಿಲ್ಲುತ್ತದೆ.

ನಮ್ಮಲ್ಲಿ ಎಲ್ಲಕ್ಕಿಂತ ಜಾಸ್ತಿ ತಲೆ ತಿಂದದ್ದು ಬಿಸಿನೀರು ಬರೋವರೆಗೆ ಕಾಯುವ ವಿಷಯ. ನೀರು ಉಳಿಸೋ ಶವರ್ ಮಾರುವವರು ಇದನ್ನು ಹೇಳುವುದೇ ಇಲ್ಲ. ಸೋಲಾರ್ ತಾರಸಿಯಲ್ಲಿ, ರೂಮ್ ನೆಲಮಹಡಿಯಲ್ಲಿ. ಮಧ್ಯೆ ಪೈಪ್ ಸುತ್ತಿಕೊಂಡು ಬರುವಾಗ 30 ಮೀಟರ್ ಆಗುತ್ತದೆ. ಒಂದು ಇಂಚಿನ ಪೈಪ್‌ನಲ್ಲಿ ಮೀಟರ್‌ಗೆ ಸುಮಾರು ಅರ್ಧ ಲೀಟರ್ ನಿಂತಿರುತ್ತದೆ. ಅಂದರೆ ಬೆಳಿಗ್ಗೆ ಮೊದಲು ನಲ್ಲಿ ತಿರುಗಿಸಿದವರಿಗೆ 15 ಲೀಟರ್ ತಣ್ಣೀರು ಹೋಗೋವರೆಗೆ ಬಿಸಿ ಬರುವುದಿಲ್ಲ. ಮೊದಲಾದರೆ ನಿಮಿಷಕ್ಕೆ 15 ಲೀಟರ್ ಹೋಗುತ್ತಿತ್ತು, ಒಂದು ನಿಮಿಷದ ಕೆಲಸ. ಈಗ ಶವರ್ ಏಳೂವರೆಗೆ ಇಳಿದಿದೆ, ಕಾಯೋದು ಎರಡು ನಿಮಿಷ. ಚರಂಡಿಗೆ ಹೋಗುವ ನೀರು ಅಷ್ಟೇ, ಸಿಟ್ಟು ಮಾತ್ರ ಡಬಲ್. ಗೆಸ್ಟ್ ನಲ್ಲಿ ತಿರುಗಿಸಿಟ್ಟು ಹೊರಗೆ ಬಂದು ಮೊಬೈಲ್ ನೋಡುತ್ತಾ ಕೂರುತ್ತಾರೆ, ಮರೆತೂ ಹೋಗುತ್ತಾರೆ. ಬಿಸಿನೀರೇ ಹರಿದು ಹೋಗುತ್ತಿರುತ್ತದೆ.

ಇದಕ್ಕೆ ರಿಟರ್ನ್ ಲೈನ್ ಎಳೆಸಿದೆವು. ಬಿಸಿ ಪೈಪ್‌ನ ಕೊನೆಯಿಂದ ತಾರಸಿಗೆ ವಾಪಸ್ ಒಂದು ಸಣ್ಣ ಪೈಪ್, ಅದಕ್ಕೊಂದು ಸಣ್ಣ ಪಂಪ್, ಟೈಮರ್. ಬೆಳಗಿನ ಜಾವ ಐದರಿಂದ ಒಂಬತ್ತೂವರೆವರೆಗೆ, ಸಂಜೆ ಸ್ವಲ್ಪ ಹೊತ್ತು ಓಡುತ್ತದೆ. ನೀರು ಪೈಪ್‌ನಲ್ಲಿ ಸುತ್ತುತ್ತಲೇ ಇರುವುದರಿಂದ ನಲ್ಲಿ ತಿರುಗಿಸಿದ ಸ್ವಲ್ಪ ಹೊತ್ತಿಗೇ ಬಿಸಿ. ಪೈಪ್‌ಗೆಲ್ಲ ಫೋಮ್ ತೋಳು ತೊಡಿಸಿದ್ದು ಇದರ ಜೊತೆಗೇ, ಇಲ್ಲದಿದ್ದರೆ ಸುತ್ತಿ ಸುತ್ತಿ ಸೋಲಾರ್ ಬಿಸಿಯೆಲ್ಲ ಗೋಡೆಗೆ ಹೋಗುತ್ತದೆ. ಗೋಡೆ ಒಡೆಯೋದು, ಟೈಲ್ಸ್ ಹಾಕೋದು ಸೇರಿ ಶವರ್ ಹೆಡ್‌ಗಳಿಗಿಂತ ಇದಕ್ಕೇ ದುಡ್ಡು ಜಾಸ್ತಿ ಬಿತ್ತು. ಆದರೂ ಯಾರಾದರೂ ನನ್ನನ್ನು ಕೇಳಿದರೆ, ದುಡ್ಡಿದ್ದರೆ ಮೊದಲು ಇದನ್ನೇ ಮಾಡಿಸಿ, ಹೆಡ್ ಆಮೇಲೆ ಬದಲಾಯಿಸಿ ಅಂತೀನಿ. ಕರೆಂಟ್ ಲೆಕ್ಕವೂ ಇದೆ. 100 ಲೀಟರ್ ನೀರನ್ನು 20 ಡಿಗ್ರಿ ಬಿಸಿ ಮಾಡೋಕೆ ಎರಡು ಯೂನಿಟ್ ಮೇಲೆ ಬೇಕು. ಮೋಡ ಕವಿದ ದಿನ ಸೋಲಾರ್ ಕೈಕೊಟ್ಟು ಬ್ಯಾಕಪ್ ಕಾಯಿಲ್ ಉರಿಯುವಾಗ ಚರಂಡಿಗೆ ಹೋಗುವ ಬಿಸಿನೀರೆಲ್ಲ ಬಿಲ್‌ನಲ್ಲಿ ಕಾಣುತ್ತದೆ.

ಇನ್ನು ಬಕೆಟ್. ಈಚೆಗೆ ಹೋಟೆಲ್ ರಿನೋವೇಷನ್ ಮಾಡಿಸುವವರು ಮೊದಲು ತೆಗೆಯೋದೇ ಬಕೆಟ್ ಮತ್ತು ಮಗ್ಗನ್ನು. ನೋಡೋಕೆ ಚೆನ್ನಾಗಿರಲ್ಲವಂತೆ. ನಮ್ಮಲ್ಲಿ ಪ್ರತಿ ಬಾತ್‌ರೂಮಲ್ಲೂ 16 ಲೀಟರ್ ಬಕೆಟ್, ಮಗ್, ಕೂತುಕೊಳ್ಳೋಕೆ ಒಂದು ಸ್ಟೂಲ್ ಇಟ್ಟಿದ್ದೇವೆ. ಹಾಸನದ ಕಡೆಯಿಂದ ಮಗನ ಆಪರೇಷನ್‌ಗೆ ಬಂದ ಅಜ್ಜಿಯೊಬ್ಬರು "ಈ ಮಳೆ ನೀರಲ್ಲಿ ಸ್ನಾನ ಮಾಡಿದ ಹಾಗೇ ಆಗಲ್ಲಪ್ಪ, ಬಕೆಟ್ ಇಟ್ಟಿದೀಯಲ್ಲ, ಪುಣ್ಯ ಕಟ್ಕೊಂಡೆ" ಅಂದರು. ಎರಡು ಬಕೆಟ್ ಪೂರ್ತಿ ಸುರಿದುಕೊಂಡರೂ 32 ಲೀಟರ್. ಇಷ್ಟು ಕಮ್ಮಿ ನೀರಿನಲ್ಲಿ ತೃಪ್ತಿಯ ಸ್ನಾನ ಕೊಡುವ ಶವರ್ ಇನ್ನೂ ಬಂದಿಲ್ಲ.

ತಲೆಸ್ನಾನದ ವಿಷಯ ಬೇರೆಯೇ. ಉದ್ದ ಕೂದಲಿಗೆ ಎಣ್ಣೆ ಹಚ್ಚಿ ಶಾಂಪೂ ಹಾಕಿದ ಹೆಂಗಸರಿಗೆ ಸಣ್ಣ ಶವರ್‌ನಿಂದ ನೊರೆ ಹೋಗೋದೇ ಇಲ್ಲ ಅನ್ನೋದು ನಿಜವಾದ ದೂರು. ನನ್ನ ಹೆಂಡತಿ ಒಂದು ರೂಮಿನಲ್ಲಿ ತಲೆಗೆ ಎರೆದುಕೊಂಡು ನೋಡಿ, ಮೊದಲು ಇಟ್ಟಿದ್ದ ಎರಡು ಮಾದರಿಯನ್ನು ಆಗಲ್ಲ ಅಂತ ತಳ್ಳಿಹಾಕಿದಳು. ಬರೀ ಗಂಡಸರು ಕೂತು ಶವರ್ ಆರಿಸಿದರೆ ಇದು ಗೊತ್ತಾಗುವುದಿಲ್ಲ. ಅಂದಹಾಗೆ ಕೂದಲ ಚಿಂತೆ ನಮ್ಮವರಿಗೆ ಮಾತ್ರ ಅಲ್ಲ. ಅಮೆರಿಕದಲ್ಲಿ 1992ರ ಕಾಯ್ದೆಯಿಂದ ಶವರ್‌ಗೆ ನಿಮಿಷಕ್ಕೆ ಸುಮಾರು 9.5 ಲೀಟರ್ ಮಿತಿ ಬಂತು. 2020ರಲ್ಲಿ ಟ್ರಂಪ್ ಸಾಹೇಬರು ನೀರು ಸಾಲಲ್ಲ, ನನ್ನ ಕೂದಲು ನೀಟಾಗಿರಬೇಕು ಅಂತ ಗೊಣಗಿದ್ದರು. ನಮ್ಮ ಮೇಲಿನ ಮಹಡಿಯಲ್ಲಿ ಪಂಪ್ ಇಲ್ಲದೆ ಆರೇ ಲೀಟರ್ ಬರುತ್ತಿದ್ದಾಗ ಅವರು ಬಂದು ಉಳಿದಿದ್ದರೆ ಏನನ್ನುತ್ತಿದ್ದರೋ!

ರೂಮಿನಲ್ಲಿ "ನೀರು ಅಮೂಲ್ಯ, ಮಿತವಾಗಿ ಬಳಸಿ" ಅನ್ನುವ ಬೋರ್ಡ್ ಹಾಕಬೇಕೋ ಬೇಡವೋ? ನಾನು ತೆಗೆದೆ. ದುಡ್ಡು ಕೊಟ್ಟು ಬಂದವರಿಗೆ ಬಾತ್‌ರೂಮ್ ಬಾಗಿಲಲ್ಲಿ ಉಪದೇಶ ಬೇಡ. ಕೇಪ್‌ಟೌನ್‌ನಲ್ಲಿ 2018ರಲ್ಲಿ ಒಬ್ಬರಿಗೆ ದಿನಕ್ಕೆ 50 ಲೀಟರ್ ಅಂತ ಮಿತಿ ಇಟ್ಟಾಗ, ಹೋಟೆಲ್‌ಗಳು ಎರಡೇ ನಿಮಿಷ ಶವರ್ ಬಳಸಿ ಅಂತ ಗೆಸ್ಟ್‌ಗಳನ್ನು ನೇರವಾಗಿ ಕೇಳಿಕೊಂಡವು, ಟಬ್‌ನ ಬಿರಡೆಯನ್ನೇ ಎತ್ತಿಟ್ಟವೂ ಇದ್ದವು. ಊರಿಗೆ ಊರೇ ಒಣಗಿದಾಗ ಅದು ಸರಿ, ಬಂದವರೂ ಒಪ್ಪುತ್ತಾರೆ. ಮಾಮೂಲಿ ದಿನಗಳಲ್ಲಿ ಅದನ್ನೇ ಹೇಳಿದರೆ ಜಿಪುಣ ಲಾಡ್ಜ್ ಅಂತಾರೆ. ನಮ್ಮಲ್ಲಿ ಈಗ ಇರುವುದು ಒಂದೇ ಸ್ಟಿಕ್ಕರ್, ಮಿಕ್ಸರ್ ಪಕ್ಕ: ಬಿಸಿನೀರು ಬೇಗ ಬರುತ್ತೆ, ತಿರುಗಿಸಿಟ್ಟು ಹೋಗಬೇಡಿ.

ನಿರ್ವಹಣೆ ಬಗ್ಗೆ ಎರಡು ಮಾತು. ಬೋರ್ ನೀರು ಗಡಸು, ಸಣ್ಣ ತೂತುಗಳಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ಹೌಸ್‌ಕೀಪಿಂಗ್ ಹುಡುಗರು ಸರದಿ ಪ್ರಕಾರ ಹೆಡ್ ಬಿಚ್ಚಿ ವಿನೆಗರ್‌ನಲ್ಲಿ ನೆನೆಸುತ್ತಾರೆ. ತೂತು ಕಟ್ಟಿದರೆ ನೀರು ಅಡ್ಡಾದಿಡ್ಡಿ ಚಿಮ್ಮಿ ಬಾಗಿಲು ಒದ್ದೆ, ಗೆಸ್ಟ್ ಕೋಪ. ಖಾಲಿ ಬಿದ್ದಿರುವ ರೂಮಿನ ಪೈಪ್‌ನಲ್ಲಿ ಬೆಚ್ಚಗಿನ ನೀರು ದಿನಗಟ್ಟಲೆ ನಿಂತರೆ ಲೀಜಿಯೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬೆಳೆಯಬಹುದು, ಶವರ್‌ನ ತುಂತುರಿನ ಮೂಲಕ ಶ್ವಾಸಕೋಶಕ್ಕೆ ಹೋಗಬಹುದು. ಅದಕ್ಕೆ ವಾರಕ್ಕೊಮ್ಮೆ ಖಾಲಿ ರೂಮಿನ ಹೆಡ್ ಬಿಚ್ಚಿ, ತುಂತುರು ಏಳದ ಹಾಗೆ ನೀರನ್ನು ಬಕೆಟ್‌ಗೆ ಬಿಟ್ಟು ಖಾಲಿ ಮಾಡುತ್ತೇವೆ, ಆ ನೀರು ಫ್ಲಷ್‌ಗೆ. ಟ್ಯಾಂಕಿನ ಬಿಸಿ 60 ಡಿಗ್ರಿಗಿಂತ ಇಳಿಯದ ಹಾಗೆ ನೋಡಿಕೊಳ್ಳುತ್ತೇವೆ.

ಇಷ್ಟೆಲ್ಲ ಆದ ಮೇಲೆ ಟ್ಯಾಂಕರ್ ಸುಮಾರು ಮೂರನೇ ಒಂದು ಭಾಗ ಕಮ್ಮಿ ಆಯಿತು. ಆ ವರ್ಷ ಅಕ್ಟೋಬರ್‌ನಲ್ಲಿ ನಗರಕ್ಕೆ ಕಾವೇರಿ ನೀರು ತರುವ ಯೋಜನೆಯ ಐದನೇ ಹಂತ ಶುರುವಾಯಿತಲ್ಲ, ದಿನಕ್ಕೆ 775 ದಶಲಕ್ಷ ಲೀಟರ್‌ನದ್ದು, ಆಗ ಪಾರ್ಟ್‌ನರ್ "ಇನ್ನು ರೆಗ್ಯುಲೇಟರ್ ತೆಗೆದುಬಿಡೋಣ, ಡೀಲಕ್ಸ್ ರೂಮಿಗೆ ದೊಡ್ಡ ರೈನ್ ಶವರ್ ಹಾಕೋಣ" ಅಂದರು. ರೈನ್ ಶವರ್‌ಗೆ ನಿಮಿಷಕ್ಕೆ ಹದಿನೈದು ಇಪ್ಪತ್ತು ಲೀಟರ್ ಬೇಕು. ಆ ಕಾವೇರಿ ನೀರು ಬರೋದು 100 ಕಿಲೋಮೀಟರ್ ದೂರದಿಂದ, ಗುಡ್ಡ ಹತ್ತಿಸಿ ಪಂಪ್ ಮಾಡಿಸಿಕೊಂಡು. ನಾನು ಒಪ್ಪಲಿಲ್ಲ. ಅವರೂ ಬಿಟ್ಟಿಲ್ಲ, ಮದುವೆ ಸೀಸನ್ ಬಂದಾಗಲೆಲ್ಲ ಆ ಕ್ಯಾಟಲಾಗ್ ನನ್ನ ಟೇಬಲ್ ಮೇಲೆ ಬಂದು ಕೂರುತ್ತದೆ.