ಗಜೇನಿಯಾ ಕೊನೆಗೂ ಅರಳಿತು

ನಮ್ಮ ಬೆಂಗಳೂರಿನ ಬಾಲ್ಕನಿಯಲ್ಲಿ ಗಜೇನಿಯಾ 2 ತಿಂಗಳು ಬರೀ ಮೊಗ್ಗು ತೋರಿಸುತ್ತಾ ಕೂತಿತ್ತು. ಬಿಚ್ಚುವುದಿಲ್ಲ, ಹಾಗೇ ಬಾಡುತ್ತದೆ. ಗೊಬ್ಬರ ಸಾಲದೇನೋ ಅಂತ ಸುಮ್ನೆ ಸಗಣಿ ಗೊಬ್ಬರ ಸುರಿದೆ, ದಿನಾ ನೀರೂ ಹಾಕಿದೆ. ಎಲೆ ಜಾಸ್ತಿಯಾಯಿತು, ಬುಡ ಮೆತ್ತಗಾಗಿ ಕೊಳೆಯತೊಡಗಿತು. ಆಮೇಲೆ ಹೊಳೆಯಿತು: ಇದು ದಕ್ಷಿಣ ಆಫ್ರಿಕಾದ ಗಿಡ ಅಲ್ವಾ, ಬಿಸಿಲಿಲ್ಲದೆ ಹೂ ಕಣ್ಣು ಬಿಡುವುದಿಲ್ಲ, ಮೋಡ ಕವಿದರೂ ಮುಚ್ಚಿಕೊಳ್ಳುತ್ತದೆ. ಕೊಳೆತ ಎಲೆ ಕಿತ್ತು, 2 ಪಾಲು ಮಣ್ಣಿಗೆ 1 ಪಾಲು ದಪ್ಪ ಮರಳು ಬೆರೆಸಿ, ಬುಡ ಹೂತುಹೋಗದಂತೆ ನೆಟ್ಟು, ಕುಂಡವನ್ನು ತಾರಸಿಗೆ ಹೊತ್ತೆ. ಬೆರಳು ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ನೀರು. ಮೂರನೇ ವಾರ, ಬೆಳಿಗ್ಗೆ 10ರ ಬಿಸಿಲಿಗೆ ಕಿತ್ತಳೆ ಎಸಳು, ನಡುವೆ ಕಪ್ಪು ಉಂಗುರ! ಸಂಜೆಯಾದರೆ ಮತ್ತೆ ಬಾಗಿಲು ಹಾಕಿಕೊಳ್ಳುತ್ತದೆ, ಹಾಗಾಗಿ ಕತ್ತಲಾದ ಮೇಲೆ ಮನೆಗೆ ಬರುವ ನಮ್ಮೆಜಮಾನರು ಇನ್ನೂ ನಂಬಿಲ್ಲ.